ವೀಲ್‌ಚೇರ್‌ನಲ್ಲಿ ವಿದೇಶದ ರೈಲು ಪ್ರಯಾಣ: ಬ್ರಿಟನ್, ಸ್ವಿಟ್ಜರ್ಲೆಂಡ್, ಜಪಾನ್ – ಯಾರಿಗೆ ಯಾವುದು ಸರಿ?

ಮನೆಯಲ್ಲಿ ವೀಲ್‌ಚೇರ್ ಬಳಸುವವರಿದ್ದು, ವಿದೇಶದಲ್ಲಿ ರೈಲಲ್ಲಿ ಸುತ್ತಾಡುವ ಆಸೆ ಬಂದರೆ ಎಲ್ಲರೂ ಮೊದಲು ಕೇಳುವುದು ಒಂದೇ ಪ್ರಶ್ನೆ: "ಅಲ್ಲಿ ಲಿಫ್ಟ್ ಇದೆಯಾ, ರ‍್ಯಾಂಪ್ ಇದೆಯಾ?" ಬ್ರಿಟನ್, ಸ್ವಿಟ್ಜರ್ಲೆಂಡ್, ಜಪಾನ್ ಮೂರರಲ್ಲೂ ಇದೆ. ಆದರೆ ಈ ಉತ್ತರದಿಂದ ಯಾವ ದೇಶಕ್ಕೆ ಹೋಗಬೇಕು ಅಂತ ತಿಳಿಯುವುದಿಲ್ಲ. ಅಮ್ಮನನ್ನು ವೀಲ್‌ಚೇರ್‌ನಲ್ಲಿ ಕರೆದುಕೊಂಡು ಈ ಮೂರೂ ಕಡೆ ರೈಲು ಹತ್ತಿ ಇಳಿದ ಮೇಲೆ ನಾನು ಬೇರೆ ಮೂರು ಪ್ರಶ್ನೆ ಕೇಳುತ್ತೇನೆ. ಸಹಾಯ ಬೇಕು ಅಂತ ಎಷ್ಟು ಮೊದಲೇ ಹೇಳಬೇಕು? ಹೇಳಿದ ರೈಲು ತಪ್ಪಿದರೆ ಅಥವಾ ಮನಸ್ಸು ಬದಲಾದರೆ ಏನಾಗುತ್ತದೆ? ಇಳಿಯುವ ಕಡೆ ಯಾರಿರುತ್ತಾರೆ?

ಮೂರನೆಯದೇ ಎಲ್ಲಕ್ಕಿಂತ ಮುಖ್ಯ. ಹತ್ತುವಾಗ ಯಾರೂ ಬರದಿದ್ದರೆ ಪ್ಲಾಟ್‌ಫಾರ್ಮ್‌ನಲ್ಲೇ ಇರುತ್ತೇವೆ, ಮುಂದಿನ ರೈಲು ನೋಡಬಹುದು. ಇಳಿಯುವಾಗ ಯಾರೂ ಬರದಿದ್ದರೆ ಬಾಗಿಲು ಮುಚ್ಚಿ ರೈಲು ನಮ್ಮನ್ನು ಹೊತ್ತುಕೊಂಡು ಹೋಗಿಬಿಡುತ್ತದೆ. ಹಾಗಾಗಿ ಈ ಮೂರು ದೇಶಗಳನ್ನು ನಾನು ಹೋಲಿಸುವುದು ಕಟ್ಟಡದ ಲೆಕ್ಕದಲ್ಲಿ ಅಲ್ಲ. ಸಹಾಯ ಹೇಗೆ ಬರುತ್ತದೆ ಅನ್ನುವ ಲೆಕ್ಕದಲ್ಲಿ.

ಮೊದಲು ಟೇಪ್ ತೆಗೆದುಕೊಳ್ಳಿ

ದೇಶ ಆರಿಸುವ ಮೊದಲು ವೀಲ್‌ಚೇರ್ ಅಳೆಯಿರಿ. ಬ್ರಿಟನ್‌ನಲ್ಲೂ ಜಪಾನ್‌ನಲ್ಲೂ ರೈಲಿನ ಜಾಗಕ್ಕೆ ಇಟ್ಟುಕೊಂಡಿರುವ ಅಳತೆ 70 ಸೆಂ.ಮೀ. ಅಗಲ, 120 ಸೆಂ.ಮೀ. ಉದ್ದ. ಯುರೋಪಿನ ರೈಲುಗಳೂ ಹೆಚ್ಚುಕಡಿಮೆ ಇದೇ ಅಳತೆಗೆ ತಯಾರಾಗುತ್ತವೆ. ಅಗಲ ಅಂದರೆ ಸೀಟಿನ ಅಗಲ ಅಲ್ಲ. ಕೈಯಿಂದ ತಳ್ಳುವ ಬಳೆಯ ಹೊರ ಅಂಚಿನಿಂದ ಇನ್ನೊಂದರ ಹೊರ ಅಂಚಿಗೆ ಅಳೆಯಬೇಕು. ಉದ್ದ ಅಳೆಯುವಾಗ ಕಾಲಿಡುವ ಹಲಗೆಯನ್ನೂ ಸೇರಿಸಬೇಕು. ಕುಳಿತವರ ಪಾದ ಹಲಗೆಯಿಂದ ಆಚೆ ಚಾಚಿರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ನಮ್ಮ ಕಡೆ ಆಸ್ಪತ್ರೆ ಪಕ್ಕದ ಅಂಗಡಿಗಳಲ್ಲಿ ಸಿಗುವ ಮಡಚುವ ಕುರ್ಚಿ ಸಾಮಾನ್ಯವಾಗಿ ಈ ಅಳತೆಯೊಳಗೇ ಬರುತ್ತದೆ. ಹಿಂದಕ್ಕೆ ಒರಗುವ ದೊಡ್ಡ ಕುರ್ಚಿ, ಕಾಲು ಮೇಲೆತ್ತಿ ಇಡುವಂಥ ಕುರ್ಚಿ ಆದರೆ ಅನುಮಾನ. ಅಂಥವರು ಟಿಕೆಟ್ ಮಾಡುವ ಮೊದಲೇ ರೈಲಿನವರಿಗೆ ಅಳತೆ ಕಳಿಸಿ ಕೇಳುವುದು ಒಳ್ಳೆಯದು.

ಬ್ಯಾಟರಿ ಕುರ್ಚಿಯವರಿಗೆ ಇನ್ನೂ ಎರಡು ವಿಷಯ. ಒಂದು ವಿಮಾನದ್ದು. ಬಿಚ್ಚಿ ತೆಗೆಯುವ ಲಿಥಿಯಂ ಬ್ಯಾಟರಿ ಆದರೆ ಸಾಮಾನ್ಯವಾಗಿ 300 ವಾಟ್-ಅವರ್ ಮೀರಬಾರದು, ಅದನ್ನು ಕೈಯಲ್ಲೇ ಕ್ಯಾಬಿನ್‌ಗೆ ಒಯ್ಯಬೇಕು. ಬ್ಯಾಟರಿ ಮೇಲಿನ ಚೀಟಿಯ ಫೋಟೊ ಫೋನಲ್ಲಿ ಇಟ್ಟುಕೊಳ್ಳಿ. ಚೆಕ್-ಇನ್ ಕೌಂಟರ್‌ನಲ್ಲಿ ಅದನ್ನೇ ಕೇಳುತ್ತಾರೆ. ಇನ್ನೊಂದು ಚಾರ್ಜರ್‌ದು. ಬ್ರಿಟನ್, ಸ್ವಿಟ್ಜರ್ಲೆಂಡ್‌ಗಳಲ್ಲಿ ನಮ್ಮ ಹಾಗೇ 230 ವೋಲ್ಟ್. ಪ್ಲಗ್ ಮಾತ್ರ ಬೇರೆ, ಅಡಾಪ್ಟರ್ ಸಾಕು. ಜಪಾನ್‌ನಲ್ಲಿ 100 ವೋಲ್ಟ್. ನಿಮ್ಮ ಚಾರ್ಜರ್ ಮೇಲೆ 100–240 ಅಂತ ಬರೆದಿದ್ದರೆ ಸರಿ. ಬರೀ 220 ಅಥವಾ 230 ಅಂತಿದ್ದರೆ ಅಲ್ಲಿ ಕುರ್ಚಿ ಚಾರ್ಜ್ ಆಗುವುದಿಲ್ಲ, ಬೇರೆ ಚಾರ್ಜರ್ ಬೇಕು. ಇದನ್ನು ಊರು ಬಿಡುವ ಮೊದಲೇ ನೋಡಿಕೊಳ್ಳಬೇಕು. ರಾತ್ರಿ ಹೋಟೆಲ್‌ಗೆ ಹೋದ ಮೇಲೆ ಗೊತ್ತಾದರೆ ಮರುದಿನದ ಪ್ರಯಾಣವೇ ಹೋಯಿತು.

ಬ್ರಿಟನ್: ಸ್ವಾತಂತ್ರ್ಯ ಜಾಸ್ತಿ, ಭರವಸೆ ಸ್ವಲ್ಪ ಕಡಿಮೆ

ರೈಲು ಹುಟ್ಟಿದ್ದೇ ಅಲ್ಲಿ. 1825ರಲ್ಲಿ ಶುರುವಾದ ಮೇಲೆ ಬೇರೆ ಬೇರೆ ಕಂಪನಿಗಳು ತಮ್ಮ ತಮ್ಮ ಲೆಕ್ಕದಲ್ಲಿ ಹಳಿ, ಸ್ಟೇಷನ್ ಕಟ್ಟಿದವು. ಅದರ ಪರಿಣಾಮ ಇವತ್ತಿಗೂ ಇದೆ. ಪ್ಲಾಟ್‌ಫಾರ್ಮ್ ಎತ್ತರ ಊರಿಂದ ಊರಿಗೆ ಬೇರೆ, ರೈಲಿನ ನೆಲದ ಎತ್ತರವೂ ಬೇರೆ. ಬೆಂಗಳೂರಿನ ನಮ್ಮ ಮೆಟ್ರೋದಲ್ಲಿ ಪ್ಲಾಟ್‌ಫಾರ್ಮ್‌ನಿಂದ ಸೀದಾ ಒಳಗೆ ತಳ್ಳಿಕೊಂಡು ಹೋಗುತ್ತೇವಲ್ಲ, ಹಾಗೆ ಬ್ರಿಟನ್‌ನ ದೂರದ ರೈಲುಗಳಲ್ಲಿ ಬಹಳ ಕಡೆ ಆಗುವುದಿಲ್ಲ. ಸಿಬ್ಬಂದಿ ಬಂದು ರ‍್ಯಾಂಪ್ ಹಾಕಲೇಬೇಕು.

ಆ ಸಹಾಯಕ್ಕೆ ಅಲ್ಲಿ ಪ್ಯಾಸೆಂಜರ್ ಅಸಿಸ್ಟ್ ಅಂತ ಹೆಸರು. ಯಾವ ಕಂಪನಿಯ ರೈಲಾದರೂ ಒಂದೇ ವ್ಯವಸ್ಥೆ, ಉಚಿತ. 2022ರ ಏಪ್ರಿಲ್‌ನಿಂದ ಪ್ರಯಾಣಕ್ಕೆ 2 ಗಂಟೆ ಮೊದಲು ಹೇಳಿದರೆ ಸಾಕು. ಅದಕ್ಕೆ ಆ್ಯಪ್ ಇದೆ, ಫೋನ್ ಮಾಡಿಯೂ ಹೇಳಬಹುದು. ಹೇಳದೆಯೇ ನೇರವಾಗಿ ಸ್ಟೇಷನ್‌ಗೆ ಹೋಗಿ "ಈ ರೈಲಿಗೆ ಹತ್ತಿಸಿ" ಅಂತ ಕೇಳುವ ಹಕ್ಕೂ ಇದೆ. ಬೆಳಗ್ಗೆ ಎದ್ದು ಹವಾ ನೋಡಿ "ಇವತ್ತು ಬಾತ್ ಊರಿಗೆ ಹೋಗೋಣ" ಅನ್ನಬಹುದು. ವೀಲ್‌ಚೇರ್ ಇರುವ ಮನೆಯವರಿಗೆ ಇಂಥ ದಿಢೀರ್ ತೀರ್ಮಾನ ಎಷ್ಟು ದೊಡ್ಡ ವಿಷಯ ಅಂತ ಬೇರೆಯವರಿಗೆ ಹೇಳಿ ತಿಳಿಸುವುದು ಕಷ್ಟ.

ಆದರೆ ಈ ವ್ಯವಸ್ಥೆ ನಿಂತಿರುವುದು ಒಂದು ಫೋನ್ ಕರೆಯ ಮೇಲೆ. ಹತ್ತಿಸಿದ ಸ್ಟೇಷನ್‌ನವರು ಇಳಿಯುವ ಸ್ಟೇಷನ್‌ಗೆ ತಿಳಿಸಬೇಕು, ಅಲ್ಲಿ ಒಬ್ಬರು ರ‍್ಯಾಂಪ್ ಹಿಡಿದು ಸರಿಯಾದ ಬೋಗಿ ಮುಂದೆ ನಿಂತಿರಬೇಕು. ಈ ಕೊಂಡಿ ತಪ್ಪುವುದುಂಟು. 2024ರ ಆಗಸ್ಟ್‌ನಲ್ಲಿ ಇದು ಇಡೀ ದೇಶಕ್ಕೆ ಕಂಡಿತು. ಪ್ಯಾರಾಲಿಂಪಿಕ್ಸ್‌ನಲ್ಲಿ 11 ಚಿನ್ನ ಗೆದ್ದ, ಬ್ರಿಟನ್ ಸಂಸತ್ತಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನ ಸದಸ್ಯೆಯಾದ ಟ್ಯಾನಿ ಗ್ರೇ-ಥಾಂಪ್ಸನ್ ರಾತ್ರಿ ಲಂಡನ್ನಿನ ಕಿಂಗ್ಸ್ ಕ್ರಾಸ್ ತಲುಪಿದರು. ಇಳಿಸಲು ಯಾರೂ ಬರಲಿಲ್ಲ. ಕೊನೆಗೆ ಅವರು ನೆಲದ ಮೇಲೆ ತೆವಳಿಕೊಂಡು ಇಳಿಯಬೇಕಾಯಿತು. ಅವರು ಬುಕ್ ಮಾಡಿದ್ದ ರೈಲು ತಪ್ಪಿ, ಮುಂದಿನದಕ್ಕೆ ಹತ್ತಿದ್ದರು. ಅಷ್ಟು ಹೆಸರಿರುವವರಿಗೇ ಹೀಗಾದ ಮೇಲೆ ನಾವು ಎಚ್ಚರವಾಗಿರಬೇಕು.

ಅದಕ್ಕೆ ಬ್ರಿಟನ್‌ನಲ್ಲಿ ನಾನು ಒಂದು ಕ್ರಮ ಬಿಡುವುದಿಲ್ಲ. ರೈಲು ಬದಲಾದರೆ ಹತ್ತಿಸುವವರ ಹತ್ತಿರ ಮತ್ತೆ ಹೇಳುತ್ತೇನೆ, ಅವರು ಮುಂದಿನ ಸ್ಟೇಷನ್‌ಗೆ ಹೇಳಿದ್ದನ್ನು ಕಿವಿಯಾರೆ ಕೇಳುತ್ತೇನೆ. ಹತ್ತಿದ ಮೇಲೆ ಗಾರ್ಡ್ ಬಂದಾಗ ಎಲ್ಲಿ ಇಳಿಯುತ್ತೇವೆ ಅಂತ ತಿಳಿಸುತ್ತೇನೆ. ಇಳಿಯುವ ಹತ್ತು ನಿಮಿಷ ಮೊದಲೇ ನಾನು ಬಾಗಿಲ ಹತ್ತಿರ ಹೋಗಿ ನಿಲ್ಲುತ್ತೇನೆ. ಯಾರೂ ಕಾಣದಿದ್ದರೆ ಬಾಗಿಲಲ್ಲೇ ನಿಂತು ಕೂಗಿ ಕರೆಯಬೇಕು, ನಾಚಿಕೊಳ್ಳಬಾರದು. ಜೊತೆಗೊಬ್ಬರು ಇದ್ದರೆ ಇದೆಲ್ಲ ಸುಲಭ. ಒಬ್ಬರೇ ಹೋಗುವವರಾದರೆ ಕೊನೇ ರೈಲು, ತಡರಾತ್ರಿ ರೈಲು ಬೇಡ. ಲಂಡನ್, ಎಡಿನ್‌ಬರೋ, ಯಾರ್ಕ್‌ನಂಥ ದೊಡ್ಡ ಸ್ಟೇಷನ್‌ಗಳಿಗೆ ಅಂಟಿಕೊಳ್ಳಿ.

ಸಣ್ಣ ಊರಿಗೆ ಹೋಗುವುದಾದರೆ ಸ್ಟೇಷನ್‌ನ ದರ್ಜೆ ನೋಡಿ. ನ್ಯಾಷನಲ್ ರೈಲ್ ಜಾಲತಾಣದಲ್ಲಿ ಪ್ರತಿ ಸ್ಟೇಷನ್‌ಗೂ ಎ, ಬಿ, ಸಿ ಅಂತ ಕೊಟ್ಟಿರುತ್ತಾರೆ. ಎ ಅಂದರೆ ಎಲ್ಲ ಪ್ಲಾಟ್‌ಫಾರ್ಮ್‌ಗೂ ಮೆಟ್ಟಿಲಿಲ್ಲದೆ ಹೋಗಬಹುದು. ಸಿ ಅಂದರೆ ಮೆಟ್ಟಿಲಿಲ್ಲದ ದಾರಿಯೇ ಇಲ್ಲ. ನೀವು ಹೋಗುವ ಊರಿನ ಸ್ಟೇಷನ್‌ಗೆ ವೀಲ್‌ಚೇರ್ ಹೋಗದಿದ್ದರೆ, ಹತ್ತಿರದ ಸರಿಯಾದ ಸ್ಟೇಷನ್‌ನಿಂದ ಅಲ್ಲಿಗೆ ರೈಲು ಕಂಪನಿಯೇ ಟ್ಯಾಕ್ಸಿ ಮಾಡಿಕೊಡಬೇಕು, ಅದಕ್ಕೆ ಜಾಸ್ತಿ ದುಡ್ಡಿಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಬುಕ್ ಮಾಡುವಾಗಲೇ ಕೇಳಿ ಪಡೆಯಬೇಕು.

ಲಂಡನ್ ಒಳಗಿನ ಮಾತು ಬೇರೆ. ಅಲ್ಲಿನ ಮೆಟ್ರೋ ಆದ ಅಂಡರ್‌ಗ್ರೌಂಡ್‌ನ 272 ಸ್ಟೇಷನ್‌ಗಳಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಮೆಟ್ಟಿಲಿಲ್ಲದವು. ಆದರೆ 2022ರ ಮೇ ತಿಂಗಳಲ್ಲಿ ಶುರುವಾದ ಎಲಿಜಬೆತ್ ಲೈನ್ ಇಡೀ ಚಿತ್ರವನ್ನೇ ಬದಲಿಸಿದೆ. ಅದರ 41 ಸ್ಟೇಷನ್‌ಗಳೂ ಮೆಟ್ಟಿಲಿಲ್ಲದವು. ನಗರದ ನಡುವಿನ ಹೊಸ ಸುರಂಗ ಸ್ಟೇಷನ್‌ಗಳಲ್ಲಿ ರೈಲೂ ಪ್ಲಾಟ್‌ಫಾರ್ಮೂ ಒಂದೇ ಮಟ್ಟ. ಹೀಥ್ರೂ ವಿಮಾನ ನಿಲ್ದಾಣದಿಂದ ಇದೇ ಲೈನ್ ಹಿಡಿದರೆ ಸೀದಾ ನಡು ಲಂಡನ್‌ಗೆ ಬರುತ್ತೀರಿ. ಮೊದಲೇ ಹೇಳುವುದೂ ಬೇಡ, ಸಿಬ್ಬಂದಿ ಇರುತ್ತಾರೆ. ಲಂಡನ್ನಿನ ಕೆಂಪು ಬಸ್‌ಗಳಲ್ಲಿ ರ‍್ಯಾಂಪ್ ಇದೆ, ವೀಲ್‌ಚೇರ್‌ನಲ್ಲಿ ಕುಳಿತವರಿಗೆ ಟಿಕೆಟ್ ಇಲ್ಲ. ಕಪ್ಪು ಟ್ಯಾಕ್ಸಿಗಳೆಲ್ಲ ವೀಲ್‌ಚೇರ್ ಹತ್ತಿಸಿಕೊಳ್ಳುವಂಥವೇ. ಥೇಮ್ಸ್ ದಡದಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರಲ್ಲಿ ಅನಾವರಣವಾದ ಬಸವಣ್ಣನ ಪ್ರತಿಮೆ ನೋಡದೆ ಕನ್ನಡದವರು ಬರುವುದಿಲ್ಲ ಅಲ್ವಾ? ಆ ಕಡೆಗೆ ವಾಕ್ಸ್‌ಹಾಲ್ ಸ್ಟೇಷನ್‌ನಲ್ಲಿ ಇಳಿಯಬಹುದು, ಲಿಫ್ಟ್ ಇದೆ.

ಸ್ವಿಟ್ಜರ್ಲೆಂಡ್: ವೇಳಾಪಟ್ಟಿಯೇ ದಾರಿ ತೋರಿಸುತ್ತದೆ

ಸ್ವಿಟ್ಜರ್ಲೆಂಡ್‌ನಲ್ಲಿ ಅಂಗವಿಕಲರ ಸಮಾನತೆಯ ಕಾನೂನು 2004ರಲ್ಲಿ ಜಾರಿಗೆ ಬಂತು. ಸಾರ್ವಜನಿಕ ಸಾರಿಗೆಯನ್ನು ಸರಿಮಾಡಲು 20 ವರ್ಷ, ಅಂದರೆ 2023ರ ಕೊನೆಯವರೆಗೆ ಗಡುವು ಕೊಟ್ಟಿದ್ದರು. ಎಲ್ಲ ಸ್ಟೇಷನ್‌ಗಳ ಕೆಲಸ ಆ ಗಡುವಿನಲ್ಲಿ ಮುಗಿಯಲಿಲ್ಲ. ಅಷ್ಟು ಶಿಸ್ತಿನ ದೇಶದಲ್ಲೂ ಇದು ಹಿಂದೆ ಬಿತ್ತಲ್ಲ ಅಂತ ನನಗೆ ಬೇಸರವಿದೆ. ಆದರೂ ಮುಗಿದಿರುವ ಕೆಲಸ ಕಡಿಮೆ ಏನಲ್ಲ. 55 ಸೆಂ.ಮೀ. ಎತ್ತರದ ಪ್ಲಾಟ್‌ಫಾರ್ಮ್, ಅದಕ್ಕೆ ಹೊಂದುವ ತಗ್ಗು ನೆಲದ ರೈಲು ಎರಡೂ ಕೂಡಿದ ಕಡೆ ಯಾರ ಸಹಾಯವೂ ಬೇಡ. ಬಾಗಿಲು ತೆರೆಯಿತು, ಪುಟ್ಟ ಹಲಗೆ ಹೊರಚಾಚಿತು, ತಳ್ಳಿಕೊಂಡು ಒಳಗೆ ಹೋಗಿ. ಜ್ಯೂರಿಕ್‌ನಿಂದ 57 ಕಿ.ಮೀ. ಉದ್ದದ ಗೊಟ್ಹಾರ್ಡ್ ಸುರಂಗದ ಮೂಲಕ ಲುಗಾನೋ ಕಡೆಗೆ ಹೋಗುವ ಗಿರುನೋ ರೈಲು ಇಂಥದ್ದೇ.

ಎಲ್ಲಿ ಹಾಗಿಲ್ಲವೋ ಅಲ್ಲಿ ಮೊಬಿಲಿಫ್ಟ್ ಬರುತ್ತದೆ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದರೆ ಮೊದಲ ಸಲ ನೋಡಿದ ವಯಸ್ಸಾದವರು ಗಾಬರಿಯಾಗುತ್ತಾರೆ. ಚಕ್ರಗಳಿರುವ ಒಂದು ಲೋಹದ ಕಟ್ಟೆ ಅದು. ಸಿಬ್ಬಂದಿ ಅದನ್ನು ಪ್ಲಾಟ್‌ಫಾರ್ಮ್ ಮೇಲೆ ತಳ್ಳಿಕೊಂಡು ಬರುತ್ತಾರೆ. ಬಾಗಿಲಿನ ಎದುರಿಗೆ ನಿಲ್ಲಿಸಿ ಬ್ರೇಕ್ ಹಾಕುತ್ತಾರೆ. ವೀಲ್‌ಚೇರ್ ಹತ್ತಿಸಿ ಹಿಂದಿನ ತಡೆ ಎತ್ತುತ್ತಾರೆ. ಆಮೇಲೆ ಪಕ್ಕದ ಹಿಡಿಕೆ ಹಿಡಿದು ತಿರುಗಿಸುತ್ತಾರೆ. ಮೋಟಾರ್ ಇಲ್ಲ, ಕೈಯಿಂದಲೇ. ಒಂದೊಂದು ಸುತ್ತಿಗೂ ಕಟ್ಟೆ ಒಂದಿಷ್ಟು ಮೇಲೇರುತ್ತದೆ. ಅಮ್ಮ ಮೊದಲ ಸಲ ಎರಡೂ ಕೈಯಲ್ಲಿ ಕಂಬಿ ಗಟ್ಟಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದರು. ಮುಂದಿನ ಊರಿನಲ್ಲಿ ಇಳಿಯುವ ಹೊತ್ತಿಗೆ ಹಿಡಿಕೆ ತಿರುಗಿಸುವ ಹುಡುಗಿಯ ಮುಖ ನೋಡಿಕೊಂಡು ನಗುತ್ತಿದ್ದರು. ಮುಂದೆ ಚಾಚಿದ ಹಲಗೆ ರೈಲಿನ ನೆಲಕ್ಕೆ ತಾಗಿದ ಮೇಲೆ ಹುಷಾರಾಗಿ ಒಳಗೆ ತಳ್ಳುವುದು. ಒಟ್ಟು ಎರಡು ಮೂರು ನಿಮಿಷ.

ಈ ಸಹಾಯಕ್ಕೆ ಎಸ್‌ಬಿಬಿ ಅನ್ನುವ ಸ್ವಿಸ್ ರೈಲ್ವೆಯ ಅಂಗವಿಕಲರ ಸಹಾಯವಾಣಿಗೆ ಹೇಳಬೇಕು. ದೇಶದ ಒಳಗಿನ ಪ್ರಯಾಣಕ್ಕೆ ಸಾಮಾನ್ಯವಾಗಿ ಒಂದು ಗಂಟೆ ಮೊದಲು ಸಾಕು. ಪಕ್ಕದ ಇಟಲಿಗೋ ಜರ್ಮನಿಗೋ ಹೋಗುವ ರೈಲಾದರೆ ಇನ್ನೂ ಮೊದಲೇ ಹೇಳಬೇಕು.

ಆದರೆ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾಗಿದ್ದು ಅವರ ವೇಳಾಪಟ್ಟಿ. ಎಸ್‌ಬಿಬಿ ಆ್ಯಪ್‌ನಲ್ಲಿ ಪ್ರಯಾಣ ಹುಡುಕಿದರೆ, ವೀಲ್‌ಚೇರ್ ಚಿತ್ರದ ಗುರುತುಗಳಿಂದ ಪ್ರತಿ ರೈಲಿಗೂ ಪ್ರತಿ ಸ್ಟೇಷನ್‌ಗೂ ಹೇಳಿಬಿಡುತ್ತದೆ: ಇಲ್ಲಿ ನೀವೇ ಹತ್ತಬಹುದು, ಇಲ್ಲಿ ಸಿಬ್ಬಂದಿ ಸಹಾಯ ಬೇಕು, ಇಲ್ಲಿ ಮೊದಲೇ ತಿಳಿಸಬೇಕು, ಇಲ್ಲಿ ಆಗುವುದಿಲ್ಲ. ಒಂದೇ ಊರಿಗೆ ಅರ್ಧ ಗಂಟೆಗೊಂದು ರೈಲು ಇರುವಾಗ, ಮೊದಲನೆಯದಕ್ಕೆ ಲಿಫ್ಟ್ ಬೇಕು, ಎರಡನೆಯದಕ್ಕೆ ಏನೂ ಬೇಡ ಅಂತ ಗೊತ್ತಾದರೆ ಎಷ್ಟು ಅನುಕೂಲ! ಸುಮ್ನೆ ಅರ್ಧ ಗಂಟೆ ತಡವಾಗಿ ಹೊರಟರಾಯಿತು. ಹೀಗೆ ಆರಿಸಿಕೊಂಡೇ ಒಂದಿಡೀ ದಿನ ಯಾರ ಸಹಾಯವನ್ನೂ ಕೇಳದೆ ಸುತ್ತಾಡಬಹುದು. ಅಮ್ಮನಿಗೆ ಅದರಿಂದ ಸಿಕ್ಕ ಸಮಾಧಾನವೇ ಬೇರೆ. "ಯಾರಿಗೂ ತೊಂದರೆ ಕೊಡಲಿಲ್ಲ" ಅಂತ ರಾತ್ರಿ ಹೇಳಿದರು. ಸಹಾಯ ಕೇಳುವುದು ತೊಂದರೆ ಕೊಡುವುದಲ್ಲ ಅಂತ ನಾನು ಎಷ್ಟು ಹೇಳಿದರೂ ಕೇಳದವರು ಅವರು.

ಬೆಟ್ಟದ ರೈಲುಗಳ ವಿಷಯದಲ್ಲಿ ಮಾತ್ರ ಹುಷಾರು. ಅವು ಬೇರೆ ಬೇರೆ ಕಂಪನಿಗಳವು, ಕೆಲವು ತುಂಬ ಹಳೆಯವು. "ಸ್ವಿಟ್ಜರ್ಲೆಂಡ್ ಎಲ್ಲ ಕಡೆ ವೀಲ್‌ಚೇರ್ ಹೋಗುತ್ತದೆ" ಅಂತ ಟೂರ್‌ನವರು ಹೇಳಿದರೆ ನಂಬಬೇಡಿ, ಒಂದೊಂದಕ್ಕೂ ಬೇರೆಯಾಗಿ ಕೇಳಿ. ಹಿಮಬೆಟ್ಟದ ಮೇಲಿನ ಯುಂಗ್‌ಫ್ರಾವ್‌ಯೋಖ್ ಸ್ಟೇಷನ್‌ಗೆ ವೀಲ್‌ಚೇರ್‌ನಲ್ಲಿ ಹೋಗಬಹುದು. 2020ರಲ್ಲಿ ಶುರುವಾದ ಐಗರ್ ಎಕ್ಸ್‌ಪ್ರೆಸ್ ಕೇಬಲ್ ಕಾರ್ ಬಂದ ಮೇಲೆ ದಾರಿ ಚಿಕ್ಕದಾಗಿದೆ. ಆದರೆ ಅದು 3,454 ಮೀಟರ್ ಎತ್ತರ. ಹೃದಯ, ಶ್ವಾಸಕೋಶದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹೋಗಬಾರದು. ನಾವು ಅಮ್ಮನನ್ನು ಅಲ್ಲಿಗೆ ಕರೆದೊಯ್ಯಲಿಲ್ಲ. ಇಂಟರ್‌ಲಾಕೆನ್‌ನಲ್ಲೇ ಕುಳಿತು ಹಿಮ ನೋಡಿದೆವು, ಅದೇನೂ ಕಡಿಮೆ ಅನ್ನಿಸಲಿಲ್ಲ.

ಜಪಾನ್: ಮೊದಲೇ ಹೇಳಿ, ಆಮೇಲೆ ನಿಶ್ಚಿಂತೆ

ಜಪಾನ್‌ನಲ್ಲಿ ಟಿಕೆಟ್ ಕೌಂಟರ್‌ನಲ್ಲಿ ಸಮಯ ಹಿಡಿಯುತ್ತದೆ. ಮೊದಲೇ ಹೇಳಿಬಿಡುತ್ತೇನೆ, ಅವಸರದವರಿಗೆ ಇದು ಕಷ್ಟ. ಶಿಂಕಾನ್‌ಸೆನ್ ಅನ್ನುವ ಬುಲೆಟ್ ರೈಲಿನಲ್ಲಿ ವೀಲ್‌ಚೇರ್ ಜಾಗ ಬೇಕೆಂದರೆ ಬೇರೆಯಾಗಿ ಕಾದಿರಿಸಬೇಕು. ಸೀಟು ಬುಕಿಂಗ್ ಪ್ರಯಾಣಕ್ಕೆ ಒಂದು ತಿಂಗಳು ಮೊದಲು ಬೆಳಗ್ಗೆ 10ಕ್ಕೆ ತೆರೆಯುತ್ತದೆ. ಟೋಕಿಯೋ–ಕ್ಯೋಟೋ–ಒಸಾಕಾ ದಾರಿಯಲ್ಲಿ ಈ ಜಾಗ 11ನೇ ಬೋಗಿಯಲ್ಲಿ. ಹಿಂದೆ ಸಾವಿರಕ್ಕೂ ಜಾಸ್ತಿ ಸೀಟಿನ ರೈಲಿನಲ್ಲಿ ಒಂದೆರಡು ವೀಲ್‌ಚೇರ್‌ಗೆ ಮಾತ್ರ ಜಾಗ ಇರುತ್ತಿತ್ತು. ಟೋಕಿಯೋ ಪ್ಯಾರಾಲಿಂಪಿಕ್ಸ್ ನಡೆದ 2021ರಲ್ಲಿ ನಿಯಮ ಬದಲಾಯಿತು. ಸಾವಿರ ಸೀಟು ಮೀರಿದ ಹೊಸ ರೈಲುಗಳಲ್ಲಿ ಕನಿಷ್ಠ 6 ಜಾಗ. ಎನ್700ಎಸ್ ಅನ್ನುವ ಹೊಸ ಮಾದರಿಯಲ್ಲಿ ಇದನ್ನು ನೋಡಬಹುದು. ಕಿಟಕಿ ಪಕ್ಕದಲ್ಲೇ ಕುರ್ಚಿ ನಿಲ್ಲಿಸಿ, ಪಕ್ಕದಲ್ಲಿ ಮನೆಯವರು ಕುಳಿತು ಹೋಗಬಹುದು. ಅದೇ ಬೋಗಿಯಲ್ಲಿ ವೀಲ್‌ಚೇರ್ ತಿರುಗಿಸುವಷ್ಟು ದೊಡ್ಡ ಶೌಚಾಲಯ ಇದೆ. ಪಕ್ಕದಲ್ಲಿ ಒಂದು ಪುಟ್ಟ ಕೋಣೆಯೂ ಇದೆ. ಮೈ ಹುಷಾರಿಲ್ಲದವರು ಮಲಗಲು, ಬಟ್ಟೆ ಬದಲಿಸಲು ಸಿಬ್ಬಂದಿಯನ್ನು ಕೇಳಿ ಬಳಸಬಹುದು. ಡಯಾಪರ್ ಬಳಸುವ ಹಿರಿಯರಿದ್ದರೆ ಈ ಕೋಣೆಯ ಬೆಲೆ ಗೊತ್ತಾಗುತ್ತದೆ.

ಒಂದು ಸಲ ಹೇಳಿ ಆದ ಮೇಲೆ ಜಪಾನ್‌ನ ಹಾಗೆ ನಡೆಸಿಕೊಡುವವರು ಇನ್ನೊಬ್ಬರಿಲ್ಲ. ಗೇಟಿನ ಹತ್ತಿರ ಸಿಬ್ಬಂದಿಗೆ ಟಿಕೆಟ್ ತೋರಿಸಿದರೆ, ಯಾವ ರೈಲು, ಎಲ್ಲಿ ಇಳಿಯುವುದು ಅಂತ ಕೇಳಿ ಬರೆದುಕೊಳ್ಳುತ್ತಾರೆ. ಇಳಿಯುವ ಸ್ಟೇಷನ್‌ಗೆ ಫೋನ್ ಮಾಡುತ್ತಾರೆ. ಮಡಚಿದ ರ‍್ಯಾಂಪ್ ಹಿಡಿದು ಲಿಫ್ಟ್‌ನಲ್ಲಿ ಜೊತೆಗೇ ಬರುತ್ತಾರೆ. ಬಾಗಿಲು ಎಲ್ಲಿ ಬರುತ್ತದೆ ಅಂತ ಪ್ಲಾಟ್‌ಫಾರ್ಮ್ ನೆಲದ ಮೇಲೆ ಬರೆದಿದೆ, ರೈಲು ನಿಲ್ಲುವುದೂ ಅಲ್ಲೇ. ಬಾಗಿಲು ತೆರೆದ ಕೂಡಲೇ ರ‍್ಯಾಂಪ್ ಬಿಚ್ಚಿ ಹಾಕಿ, ಅಂಚನ್ನು ಕಾಲಿನಿಂದ ಒತ್ತಿ ಹಿಡಿದು, ಒಳಗೆ ಬಿಟ್ಟು, ಮತ್ತೆ ಮಡಚಿಕೊಂಡು ಹಿಂದೆ ಸರಿದು ನಿಲ್ಲುತ್ತಾರೆ. ನಡುವಿನ ಸ್ಟೇಷನ್‌ಗಳಲ್ಲಿ ರೈಲು ಒಂದೆರಡು ನಿಮಿಷ ಮಾತ್ರ ನಿಲ್ಲುತ್ತದೆ, ಅಷ್ಟರೊಳಗೆ ಎಲ್ಲ ಮುಗಿದಿರುತ್ತದೆ. ಕ್ಯೋಟೋದಲ್ಲಿ ಬಾಗಿಲು ತೆರೆದಾಗ ಇನ್ನೊಬ್ಬರು ರ‍್ಯಾಂಪ್ ಬಿಚ್ಚಿಕೊಂಡೇ ನಿಂತಿದ್ದರು. ಇಳಿಯುವ ಕಡೆ ಯಾರಿರುತ್ತಾರೆ ಅನ್ನುವ ನನ್ನ ಮೂರನೇ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಎಲ್ಲೂ ಸಿಕ್ಕಿಲ್ಲ.

ಇದಕ್ಕೆ ಬದಲಾಗಿ ಬಿಟ್ಟುಕೊಡಬೇಕಾದ್ದು ಮನಸ್ಸು ಬಂದ ಹಾಗೆ ಸುತ್ತುವ ಸ್ವಾತಂತ್ರ್ಯ. ಹೇಳಿದ ರೈಲು ಬಿಟ್ಟು ಬೇರೆ ರೈಲು ಅಂದರೆ ಸರಪಳಿ ಮತ್ತೆ ಮೊದಲಿನಿಂದ ಶುರು. ನಗರದೊಳಗಿನ ರೈಲಿಗೂ ಕೆಲವೊಮ್ಮೆ "ಇಳಿಯುವ ಕಡೆ ಸಿದ್ಧವಾಗಲಿ" ಅಂತ ಒಂದೆರಡು ರೈಲು ಬಿಟ್ಟು ಹತ್ತಿಸುತ್ತಾರೆ. ಸಿಬ್ಬಂದಿಯೇ ಇಲ್ಲದ ಹಳ್ಳಿ ಸ್ಟೇಷನ್‌ಗಳಿಗೆ ಮೊದಲೇ ತಿಳಿಸಿರಬೇಕು. ಟೋಕಿಯೋದಲ್ಲಿ ಬೆಳಗಿನ ಆಫೀಸ್ ಹೊತ್ತಿನ ನೂಕುನುಗ್ಗಲಲ್ಲಿ ವೀಲ್‌ಚೇರ್ ತಳ್ಳುವುದು ಬೇಡವೇ ಬೇಡ. ಒಂಬತ್ತೂವರೆ ಆದ ಮೇಲೆ ಹೊರಡಿ. ಇನ್ನೊಂದು, ದೊಡ್ಡ ಸ್ಟೇಷನ್‌ಗಳಲ್ಲಿ ಹತ್ತಾರು ಬಾಗಿಲಿದ್ದರೂ ಬೀದಿಗೆ ಲಿಫ್ಟ್ ಇರುವುದು ಕೆಲವೇ ಬಾಗಿಲಲ್ಲಿ. ಹೋಟೆಲ್ ಹತ್ತಿರದ ಬಾಗಿಲಿಗೆ ಲಿಫ್ಟ್ ಇದೆಯಾ ಅಂತ ನೋಡಿಯೇ ಹೋಟೆಲ್ ಆರಿಸಿ.

ಜಪಾನ್‌ನ ಇನ್ನೊಂದು ದೊಡ್ಡ ಅನುಕೂಲ ಲಗೇಜ್‌ದು. ವೀಲ್‌ಚೇರ್ ತಳ್ಳುವವರಿಗೆ ಎರಡೂ ಕೈ ಅದಕ್ಕೇ ಬೇಕು. ಸೂಟ್‌ಕೇಸ್ ಎಳೆಯುವವರು ಯಾರು? ಅಲ್ಲಿ ತಕ್ಕ್ಯೂಬಿನ್ ಅಂತ ಸೇವೆ ಇದೆ. ಒಂದು ಹೋಟೆಲ್‌ನಲ್ಲಿ ಸೂಟ್‌ಕೇಸ್ ಕೊಟ್ಟರೆ, ದೊಡ್ಡ ಊರುಗಳ ನಡುವೆ ಸಾಮಾನ್ಯವಾಗಿ ಮರುದಿನ ಇನ್ನೊಂದು ಹೋಟೆಲ್‌ಗೆ ತಲುಪಿರುತ್ತದೆ. ಒಂದು ದಿನದ ಬಟ್ಟೆ, ಔಷಧ ಮಾತ್ರ ಕೈಚೀಲದಲ್ಲಿಟ್ಟುಕೊಂಡು ರೈಲು ಹತ್ತಿ. ಒಬ್ಬರೇ ಒಬ್ಬ ಹಿರಿಯರನ್ನು ಕರೆದೊಯ್ಯುವುದಾದರೆ, ಈ ಒಂದೇ ಕಾರಣಕ್ಕೆ ನಾನು ಜಪಾನ್ ಆರಿಸುತ್ತೇನೆ.

ದುಡ್ಡಿನ ಲೆಕ್ಕ

ನಮ್ಮಲ್ಲಿ ಅಂಗವಿಕಲರಿಗೆ ಕೊಡುವ ಯುಡಿಐಡಿ ಕಾರ್ಡ್ ತೋರಿಸಿದರೆ ಅಲ್ಲಿ ರಿಯಾಯಿತಿ ಸಿಗುತ್ತದೆ ಅಂದುಕೊಂಡು ಲೆಕ್ಕ ಹಾಕಬೇಡಿ. ಸ್ವಿಟ್ಜರ್ಲೆಂಡ್‌ನಲ್ಲಿ ಜೊತೆಗಾರರಿಗೆ ಉಚಿತ ಪ್ರಯಾಣ ಕೊಡುವ ಕಾರ್ಡ್ ಇದೆ, ಆದರೆ ಅಲ್ಲಿ ವಾಸಿಸುವವರಿಗೆ. ಜಪಾನ್‌ನ ರಿಯಾಯಿತಿಯೂ ಅಲ್ಲಿನ ಸರ್ಕಾರ ಕೊಡುವ ಪುಸ್ತಕ ಇರುವವರಿಗೆ.

ಬ್ರಿಟನ್ ಇಲ್ಲಿ ಉದಾರ. ಇಡೀ ಪ್ರಯಾಣ ತಮ್ಮ ವೀಲ್‌ಚೇರ್‌ನಲ್ಲೇ ಕುಳಿತು ಹೋಗುವವರಿಗೆ ಯಾವ ಕಾರ್ಡೂ ಇಲ್ಲದೆ ಎನಿಟೈಮ್ ಟಿಕೆಟ್ (ಯಾವ ಹೊತ್ತಿನ ರೈಲಿಗಾದರೂ ನಡೆಯುವ ಟಿಕೆಟ್) ಮೇಲೆ 34% ಕಡಿತ, ಒಂದೇ ದಿನ ಹೋಗಿಬರುವ ಎನಿಟೈಮ್ ಟಿಕೆಟ್ ಮೇಲೆ 50%. ಜೊತೆಗಿರುವ ಒಬ್ಬರಿಗೂ ಇಷ್ಟೇ ಕಡಿತ. ಇದನ್ನು ಸ್ಟೇಷನ್ ಕೌಂಟರ್‌ನಲ್ಲಿ ಕೇಳಿ ಪಡೆಯಬೇಕು. ಆದರೆ ಎನಿಟೈಮ್ ಟಿಕೆಟ್ ಮೊದಲೇ ದುಬಾರಿ. ಲಂಡನ್–ಎಡಿನ್‌ಬರೋದಂಥ ದೂರಕ್ಕೆ ವಾರಗಳ ಮೊದಲೇ ತೆಗೆದ ಅಡ್ವಾನ್ಸ್ ಟಿಕೆಟ್ ರಿಯಾಯಿತಿಯೇ ಇಲ್ಲದೆ ಇನ್ನೂ ಅಗ್ಗವಾಗಬಹುದು. ಎರಡನ್ನೂ ನೋಡಿ. ಹತ್ತಿರದ ಊರಿಗೆ ಹೋಗಿ ಸಂಜೆ ವಾಪಸಾಗುವುದಾದರೆ 50%ನ ದಾರಿ ಒಳ್ಳೆಯದು.

ಜಪಾನ್‌ನಲ್ಲಿ "ಜೆಆರ್ ಪಾಸ್ ತಗೊಳ್ಳಿ, ಅಷ್ಟೂ ದಿನ ಬೇಕಾದಷ್ಟು ಸಲ ರೈಲು ಹತ್ತಬಹುದು" ಅಂತ ಎಲ್ಲರೂ ಹೇಳುತ್ತಾರೆ. ಅದು ಹಳೇ ಮಾತು. 2023ರ ಅಕ್ಟೋಬರ್‌ನಲ್ಲಿ 7 ದಿನದ ಪಾಸ್ 29,650 ಯೆನ್‌ನಿಂದ 50,000ಕ್ಕೆ ಏರಿತು. ಟೋಕಿಯೋದಿಂದ ಕ್ಯೋಟೋಗೆ ಒಂದು ಸಲಕ್ಕೆ ಸುಮಾರು 14,000 ಯೆನ್. ಹೋಗಿ ಬರುವುದಷ್ಟೇ ಆದರೆ ಬಿಡಿ ಟಿಕೆಟ್ಟೇ ಲಾಭ. ವೀಲ್‌ಚೇರ್ ಜೊತೆ ದಿನಕ್ಕೊಂದು ಊರು ಓಡುವ ಪ್ರಯಾಣ ನಾನಂತೂ ಯಾರಿಗೂ ಹೇಳುವುದಿಲ್ಲ, ಹಾಗಾಗಿ ಪಾಸ್ ಬಹಳ ಜನಕ್ಕೆ ಬೇಡ. ಸ್ವಿಟ್ಜರ್ಲೆಂಡ್‌ನಲ್ಲಿ ಮಾತ್ರ ಸ್ವಿಸ್ ಟ್ರಾವೆಲ್ ಪಾಸ್ ಯೋಚಿಸಬೇಕಾದ್ದೇ. ರೈಲು, ಬಸ್, ಸರೋವರದ ಹಡಗು ಎಲ್ಲ ಒಂದರಲ್ಲೇ ಬರುತ್ತದೆ. ಒಂದು ರೈಲು ಸರಿಹೋಗದಿದ್ದರೆ ಇನ್ನೊಂದಕ್ಕೆ ಟಿಕೆಟ್ ಚಿಂತೆ ಇಲ್ಲದೆ ಹತ್ತಬಹುದು.

ಜರ್ಮನಿ, ಫ್ರಾನ್ಸ್ ಯಾಕಿಲ್ಲ?

ಕೇಳುವವರಿದ್ದಾರೆ, ಅದಕ್ಕೆ ಚಿಕ್ಕದಾಗಿ. ಎರಡೂ ಕಡೆ ಸಹಾಯ ಉಚಿತ, ಆದರೆ ಹಿಂದಿನ ದಿನವೇ ಹೇಳಬೇಕು. ಜರ್ಮನಿಯಲ್ಲಿ ಹಿಂದಿನ ದಿನ ರಾತ್ರಿ 8ರೊಳಗೆ. 2023ರ ಜೂನ್‌ನಿಂದ ಜಾರಿಯಲ್ಲಿರುವ ಯುರೋಪ್ ಒಕ್ಕೂಟದ ನಿಯಮವೂ 24 ಗಂಟೆ ಮುಂಚಿತ ಸೂಚನೆಯದ್ದು. ಮೊದಲು ಅದು 48 ಗಂಟೆ ಇತ್ತು, ಈಗ ವಾಸಿ. ಜರ್ಮನಿಯ ಐಸಿಇ 4 ಅನ್ನುವ ವೇಗದ ರೈಲಿನೊಳಗೇ ವೀಲ್‌ಚೇರ್ ಎತ್ತುವ ಲಿಫ್ಟ್ ಇದೆ, ಚೆನ್ನಾಗಿದೆ. ಪ್ಯಾರಿಸ್‌ಗೆ ಟಿಜಿವಿ ಅನ್ನುವ ಫ್ರಾನ್ಸಿನ ವೇಗದ ರೈಲಿನಲ್ಲಿ ಹೋಗುವುದು ಸುಲಭ, ಆದರೆ ಊರೊಳಗಿನ ಮೆಟ್ರೋದಲ್ಲಿ ಪೂರ್ತಿ ವೀಲ್‌ಚೇರ್‌ಗೆ ಒಗ್ಗುವುದು 14ನೇ ಲೈನ್ ಒಂದೇ. ಪ್ಯಾರಿಸ್ ನೋಡಲೇಬೇಕು ಅನ್ನುವವರು ಬಸ್ ನಂಬಿಕೊಳ್ಳಿ.

ಹಾಗಾದರೆ ಯಾರಿಗೆ ಯಾವುದು?

ಮಕ್ಕಳು ಬ್ರಿಟನ್‌ನಲ್ಲಿದ್ದಾರೆ, ಜೊತೆಗೆ ಗಟ್ಟಿ ಮನುಷ್ಯರೊಬ್ಬರು ಇರುತ್ತಾರೆ, ಇಂಗ್ಲಿಷ್‌ನಲ್ಲಿ ಕೇಳಿ ಜಗಳವಾಡಿಯಾದರೂ ಕೆಲಸ ಮಾಡಿಸಿಕೊಳ್ಳಬಲ್ಲಿರಿ ಅಂತಾದರೆ ಬ್ರಿಟನ್. ಹೊತ್ತು ಗೊತ್ತಿಲ್ಲದೆ ಹೊರಡುವ ಮನೆಯವರಿಗೂ ಅದೇ.

ಭಾರವಾದ ಬ್ಯಾಟರಿ ಕುರ್ಚಿ ಇದ್ದು ಒಬ್ಬರೇ ಓಡಾಡುವವರಿಗೆ, ಬೇರೆಯವರ ಕೈ ಕಾಯುವುದು ಬೇಡ ಅನ್ನುವವರಿಗೆ ಸ್ವಿಟ್ಜರ್ಲೆಂಡ್. ಖರ್ಚು ಜಾಸ್ತಿ, ಅದನ್ನು ಮುಚ್ಚಿಡುವುದಿಲ್ಲ. ಹಾಗಾಗಿ ಬಯಲಿನ ದೊಡ್ಡ ಊರುಗಳಾದ ಜ್ಯೂರಿಕ್, ಬರ್ನ್, ಲೂಸರ್ನ್ ಇವುಗಳಲ್ಲಿ ಒಂದರಲ್ಲಿ ಉಳಿದು, ಅಲ್ಲಿಂದ ದಿನಕ್ಕೊಂದು ಕಡೆ ಹೋಗಿಬನ್ನಿ. ಹೋಟೆಲ್ ಬದಲಿಸುವ ಕಷ್ಟ ತಪ್ಪುತ್ತದೆ.

ವಯಸ್ಸಾದ ಅಪ್ಪ ಅಮ್ಮ, ಬೇಗ ಸುಸ್ತಾಗುವವರು, ಅಚ್ಚರಿ ಬೇಡ ಅನ್ನುವವರು, ಕರೆದೊಯ್ಯುವವರು ಒಬ್ಬರೇ ಆದರೆ ಜಪಾನ್. ಒಂದು ತಿಂಗಳು ಮೊದಲು ಸೀಟು, ನಿಧಾನ ಬೆಳಗು, ಕಡಿಮೆ ಊರು. ಟೋಕಿಯೋ, ಕ್ಯೋಟೋ ಎರಡೇ ಸಾಕು.

ಇನ್ನು ಯಾವ ದೇಶಕ್ಕೆ ಹೋದರೂ, ಹೊರಡುವ ದಿನ ಬೆಳಗ್ಗೆ ಹತ್ತುವ ಮತ್ತು ಇಳಿಯುವ ಸ್ಟೇಷನ್‌ಗಳ ಲಿಫ್ಟ್ ಕೆಲಸ ಮಾಡುತ್ತಿದೆಯಾ ಅಂತ ನೋಡಿ. ಒಂದು ಊರಿನಲ್ಲಿ ನಾವು ಇಳಿದಾಗ ಲಿಫ್ಟ್ ಕೆಟ್ಟಿತ್ತು. ಸಿಬ್ಬಂದಿ ನಮ್ಮನ್ನು ಮುಂದಿನ ಸ್ಟೇಷನ್‌ಗೆ ಕಳಿಸಿ, ಅಲ್ಲಿ ಲಿಫ್ಟ್‌ನಲ್ಲಿ ಹೊರಗೆ ಬಂದು ಬಸ್‌ನಲ್ಲಿ ವಾಪಸ್ ಬರುವಂತೆ ಮಾಡಿದರು. ಅದರಿಂದ ಕಲಿತು ಈಗ ಪ್ರತಿ ಊರಿಗೂ ಲಿಫ್ಟ್ ಇರುವ ಪಕ್ಕದ ಸ್ಟೇಷನ್‌ನ ಹೆಸರು, ಅಲ್ಲಿಂದ ಬರುವ ಬಸ್ಸಿನ ನಂಬರ್ ಬರೆದಿಟ್ಟುಕೊಂಡೇ ಹೊರಡುತ್ತೇನೆ. ಅದರ ಜೊತೆಗೆ ಕುರ್ಚಿಯ ಅಳತೆ, ತೂಕ, ಮಡಚುತ್ತದೋ ಇಲ್ಲವೋ, ಬ್ಯಾಟರಿ ಯಾವುದು, ಕುಳಿತವರು ಎರಡು ಹೆಜ್ಜೆ ಇಡಬಲ್ಲರೋ ಇಲ್ಲವೋ ಅನ್ನುವುದನ್ನು ಒಂದು ಚೀಟಿಯಲ್ಲಿ ಇಂಗ್ಲಿಷ್‌ನಲ್ಲಿ, ಜಪಾನ್ ಆದರೆ ಜಪಾನಿಯಲ್ಲೂ ಬರೆಸಿ ಕುರ್ಚಿಯ ಹಿಂದಿನ ಚೀಲದಲ್ಲಿ ಇಡಿ. ಸಿಬ್ಬಂದಿ ಎಲ್ಲ ಕಡೆ ಕೇಳುವುದು ಈ ಐದೇ ವಿಷಯ.